ಅಮ್ಮ ತೋಟದ ಮನೇಲಿ, ನೀವು ದೂರದಲ್ಲಿ: ಎಕ್ಸರ್‌ಸೈಜ್ ಸರಿಯಾಗಿ ಆಗ್ತಿದ್ಯಾ ಅಂತ ಫೋನಲ್ಲೇ ನೋಡ್ಕೊಳ್ಳೋದು ಹೇಗೆ

ಮಂಡಿ ಆಪರೇಷನ್ ಆಗಿರೋ, ಸೊಂಟದ ಮೂಳೆ ಮುರಿದು ರಾಡ್ ಹಾಕಿಸ್ಕೊಂಡಿರೋ, ಸ್ಟ್ರೋಕ್ ಆಗಿ ಈಗ ಎದ್ದು ಓಡಾಡೋಕೆ ಶುರು ಮಾಡಿರೋ ಅಪ್ಪ ಅಮ್ಮನ್ನ ಊರಲ್ಲಿ ಬಿಟ್ಟು ಬೆಂಗಳೂರು ಮೈಸೂರಲ್ಲಿ ಕೆಲಸ ಮಾಡೋ ನಮ್ಮ ಕೊಡಗಿನ ಜನ ಎಲ್ರೂ ಒಂದೇ ಥರ ಸೋಲ್ತಾರೆ. ಮೊದಲ ವಾರ ದಿನಾ ವಿಡಿಯೋ ಕಾಲ್, ಎರಡನೇ ವಾರ ಕಾಲಲ್ಲೇ ಜಗಳ, ಮೂರನೇ ವಾರ ಒಂದು ಸ್ಮಾರ್ಟ್ ವಾಚ್ ಕೊರಿಯರ್ ಮಾಡೋದು, ನಾಲ್ಕನೇ ವಾರಕ್ಕೆ "ಮಾಡಿದ್ರಾ ಅಮ್ಮ?" "ಹ್ಞೂಂ ಮಾಡ್ದೆ ಮಗ" ಅಲ್ಲಿಗೆ ಮುಗೀತು. ಎರಡು ತಿಂಗಳಾದ್ಮೇಲೆ ಹಬ್ಬಕ್ಕೆ ಊರಿಗೆ ಹೋಗಿ ನೋಡಿದ್ರೆ ಮಂಡಿ ಅರ್ಧಕ್ಕೇ ಬಿಗಿದು ನಿಂತಿರತ್ತೆ.

ನಾನೂ ಇದೇ ದಾರೀಲಿ ಹೋಗಿ ಬಂದವನು. ನಮ್ಮಮ್ಮ ಸುಂಟಿಕೊಪ್ಪದಿಂದ ಒಳಗೆ ತೋಟದಲ್ಲಿ, ನಾನು ಮೈಸೂರಲ್ಲಿ, ಅಕ್ಕ ಕುಶಾಲನಗರದಲ್ಲಿ. ಅಮ್ಮನ ಮೊದಲ ಮಂಡಿ ಆಪರೇಷನ್‌ಗೆ ಮೇಲೆ ಹೇಳಿದ ತಪ್ಪೆಲ್ಲ ಮಾಡಿ ಎರಡನೇ ಮಂಡಿಗೆ ಬುದ್ಧಿ ಬಂತು. ಎಲ್ರೂ ಕ್ರಮ ಉಲ್ಟಾ ಮಾಡ್ತಾರೆ, ಮೊದ್ಲು ಸಾಮಾನು ಕೊಳ್ತಾರೆ, ಏನು ನೋಡ್ಬೇಕು ಅನ್ನೋದನ್ನ ಆಮೇಲೆ ಯೋಚ್ನೆ ಮಾಡ್ತಾರೆ. ಕೆಳಗಿನ ಹಂತಗಳನ್ನ ಅದೇ ಕ್ರಮದಲ್ಲಿ ಮಾಡಿ, ಮಧ್ಯದಿಂದ ಹಾರ್ಬೇಡಿ.

ಬೇಕಾಗಿರೋ ಸಾಮಾನು

ಒಂದು ಹಳೇ ಸ್ಮಾರ್ಟ್‌ಫೋನ್, ಅದಕ್ಕೊಂದು ಮೂರು ಕಾಲಿನ ಸ್ಟ್ಯಾಂಡ್, ಪವರ್ ಬ್ಯಾಂಕ್. ಬಣ್ಣದ ಇನ್ಸುಲೇಷನ್ ಟೇಪ್. ದರ್ಜಿ ಟೇಪ್. ದೊಡ್ಡ ಚೌಕ ಇರೋ ಗೋಡೆ ಕ್ಯಾಲೆಂಡರ್, ಅದಕ್ಕೆ ದಾರ ಕಟ್ಟಿ ನೇತಾಕಿರೋ ಪೆನ್ನು (ದಾರ ಕಟ್ಟದಿದ್ರೆ ಎರಡೇ ದಿನಕ್ಕೆ ಪೆನ್ನು ಮಾಯ). ತೋಳಿಗೆ ಕಟ್ಟೋ ಬಿಪಿ ಮಿಷನ್. ಕೈ ಇರೋ, ಅಲ್ಲಾಡದ, 17-18 ಇಂಚು ಎತ್ತರದ ಕುರ್ಚಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಏಳೋವಾಗ ಕಾಲು ಅಗಲವಾಗಿ ಜಾರತ್ತೆ.

ಇದೆಲ್ಲಕ್ಕಿಂತ ಮುಂಚೆ ಒಬ್ಬ ಮನುಷ್ಯ ಬೇಕು. ಎಕ್ಸರ್‌ಸೈಜ್ ಹೊತ್ತಲ್ಲಿ ಕೂಗಿದ್ರೆ ಕೇಳೋ ದೂರದಲ್ಲಿ ಯಾರಾದ್ರೂ ಇರ್ಬೇಕು, ಮನೆ ಕೆಲಸಕ್ಕೆ ಬರೋ ಅಕ್ಕ, ಪಕ್ಕದ ಮನೆಯವರು, ತೋಟದ ರೈಟರ್ (ಲೆಕ್ಕ ಬರೆಯೋರು) ಹೆಂಡ್ತಿ ಯಾರಾದ್ರೂ ಸರಿ. ಬಿದ್ದವರನ್ನ ಫೋನ್ ಎತ್ತಲ್ಲ. ಯಾರೂ ಇಲ್ಲ ಅಂದ್ರೆ ಮಲಗಿ, ಕೂತು ಮಾಡೋದಷ್ಟೇ ಮಾಡಿಸಿ, ನಿಂತು ಮಾಡೋದು ಬೇಡ.

ಹಂತ 1: ಫಿಸಿಯೋ ಹತ್ರ ಒಂದು ಹಾಳೆ ಬರೆಸ್ಕೊಳ್ಳಿ

ಡಿಸ್ಚಾರ್ಜ್ ಪೇಪರಲ್ಲಿ "ಫಿಸಿಯೋಥೆರಪಿ ಮುಂದುವರಿಸಿ" ಅಂತ ಒಂದು ಲೈನ್ ಇರತ್ತೆ, ಅಷ್ಟರಲ್ಲಿ ಏನೂ ನೋಡ್ಕೊಳ್ಳೋಕಾಗಲ್ಲ. ಯಾವ್ಯಾವ ಎಕ್ಸರ್‌ಸೈಜ್, ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ, ಯಾವುದು ಮಾಡಲೇಬಾರದು, ಯಾವ ಬಿಪಿ ದಾಟಿದ್ರೆ ಅವತ್ತು ರಜಾ, ಮುಂದಿನ ಬದಲಾವಣೆ ಯಾವಾಗ, ಇಷ್ಟನ್ನ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸ್ಕೊಳ್ಳಿ ಅಥವಾ ಅವರು ಹೇಳ್ತಾ ನೀವೇ ಬರ್ಕೊಂಡು ಓದಿ ತೋರಿಸಿ.

ಆಮೇಲೆ ಫಿಸಿಯೋ ಪಕ್ಕದಲ್ಲಿ ನಿಂತು ಅಮ್ಮನ ಕೈಲಿ ಮಾಡಿಸೋದನ್ನ, ಅವರನ್ನ ಕೇಳಿ, ಪಕ್ಕದಿಂದ ವಿಡಿಯೋ ಮಾಡ್ಕೊಳ್ಳಿ. ಒಂದೊಂದು ಎಕ್ಸರ್‌ಸೈಜ್‌ಗೂ ಬೇರೆ ಬೇರೆ ಕ್ಲಿಪ್. ಮುಂದೆ ಎರಡು ತಿಂಗಳು ನೀವು ಹೋಲಿಸಿ ನೋಡೋ ಅಸಲಿ ಕಾಪಿ ಇದೇ. ಯೂಟ್ಯೂಬ್‌ನಲ್ಲಿ ಯಾರೋ ಮೂವತ್ತು ವರ್ಷದ ಹುಡುಗಿ ಮಾಡೋದನ್ನ ತೋರಿಸಿ ಹೀಗೆ ಮಾಡಿ ಅಂದ್ರೆ ಎಪ್ಪತ್ತರ ಅಮ್ಮನಿಗೆ ಆಗತ್ತಾ, ಬೇಜಾರಾಗಿ ಬಿಟ್ಟೇಬಿಡ್ತಾರೆ.

ಇನ್ನೊಂದು, ವಾರಕ್ಕೊಂದು ಸಲ ಕ್ಲಿಪ್ ಕಳಿಸಿದ್ರೆ ನೋಡಿ ಹೇಳ್ತೀರಾ, ಅದಕ್ಕೆಷ್ಟು ಫೀಸ್ ಅಂತ ಅಲ್ಲೇ ಕೇಳಿಬಿಡಿ. ಪುಕ್ಕಟೆ ಕೇಳಿದ್ರೆ ನಾಲ್ಕನೇ ಕ್ಲಿಪ್‌ಗೆ ಉತ್ತರ ಬರಲ್ಲ, ಅದು ನ್ಯಾಯವೇ.

ಹಂತ 2: ನೆಟ್‌ವರ್ಕ್ ಎಲ್ಲಿ ಸಿಗತ್ತೆ, ಕರೆಂಟ್ ಯಾವಾಗ ಇರತ್ತೆ

ನಮ್ಮ ಕಡೆ ಇದನ್ನ ನೋಡದೆ ಮಾಡಿದ ಪ್ಲಾನ್ ಎಲ್ಲ ಜೂನ್ ತಿಂಗಳಿಗೆ ಠುಸ್. ಮನೆ ಒಳಗೆ, ಸಿಟೌಟಲ್ಲಿ, ಕಣದ ಮೂಲೇಲಿ ನಿಂತು ಬೆಳಿಗ್ಗೆ ಮತ್ತೆ ಸಂಜೆ ಒಂದೊಂದು ಕಾಲ್ ಮಾಡಿ ನೋಡಿ. ನಮ್ಮನೇಲಿ ಕಣದ ಗೇಟ್ ಹತ್ರ ಎರಡು ಕಡ್ಡಿ, ಅಡುಗೆಮನೇಲಿ ಸೊನ್ನೆ. ಕಾಲು ಸರಿ ಇಲ್ಲದವರನ್ನ ನೆಟ್‌ವರ್ಕ್ ಹುಡುಕ್ಕೊಂಡು ಗೇಟ್ ಹತ್ರ ಕಳ್ಸೋಕಾಗತ್ತಾ?

ಹಾಗಾಗಿ ಲೈವ್ ಕಾಲ್ ನಂಬ್ಕೋಬೇಡಿ. ರೆಕಾರ್ಡ್ ಮಾಡಿ ಆಮೇಲೆ ಕಳ್ಸೋ ಪದ್ಧತಿನೇ ಸರಿ. ವಿಡಿಯೋ ಫೋನಲ್ಲಿ ಉಳಿದಿರತ್ತೆ, ಕೆಲಸದ ಅಕ್ಕ ಸಂಜೆ ಮನೆಗೆ ಹೋಗೋವಾಗ ಗೇಟ್ ಹತ್ರ ಅವರ ಫೋನಿಂದ ಕಳಿಸಿದ್ರೂ ಆಯ್ತು. 20-30 ಸೆಕೆಂಡ್ ಕ್ಲಿಪ್ ಸಾಕು, ವಾಟ್ಸಾಪ್‌ನಲ್ಲಿ ಎಚ್‌ಡಿ ಒತ್ತಬೇಡಿ, ಮಾಮೂಲಿ ಕ್ವಾಲಿಟೀಲಿ ಮಂಡಿ ಬಗ್ಗಿದೆಯೋ ಇಲ್ವೋ ಚೆನ್ನಾಗೇ ಕಾಣತ್ತೆ.

ಹಂತ 3: ಜಾಗ, ಬಟ್ಟೆ, ಕ್ಯಾಮೆರಾ

ಒಂದೇ ಜಾಗ, ಒಂದೇ ಕುರ್ಚಿ, ಒಂದೇ ಮಂಚ. ಕುರ್ಚಿ ಕಾಲು ನಾಲ್ಕೂ ಇಡೋ ಕಡೆ ನೆಲಕ್ಕೆ ಟೇಪ್ ಅಂಟಿಸಿ, ಸ್ಟ್ಯಾಂಡ್ ಇಡೋ ಕಡೆಗೂ ಅಂಟಿಸಿ. ಫೋನ್ ದಿನಕ್ಕೊಂದು ಕೋನದಲ್ಲಿದ್ರೆ ನಿನ್ನೆಗೂ ಇವತ್ತಿಗೂ ಹೋಲಿಸೋಕೇ ಆಗಲ್ಲ. ಎರಡೂವರೆ ಮೂರು ಮೀಟರ್ ದೂರ, ಅಡ್ಡ ಹಿಡಿದು, ಕೂತಾಗ ಸೊಂಟದ ಎತ್ತರಕ್ಕೆ ಕ್ಯಾಮೆರಾ. ಮಲಗಿ ಮಾಡೋದಕ್ಕೆ ಮಂಚದ ಎತ್ತರಕ್ಕೆ ಇಳಿಸಿ. ಆಪರೇಷನ್ ಆದ ಕಾಲು ಕ್ಯಾಮೆರಾ ಕಡೆಗಿರ್ಲಿ, ತಲೆಯಿಂದ ಪಾದದವರೆಗೆ ಪೂರ್ತಿ ಕಾಣ್ಲಿ. ಕಿಟಕಿ ಅಮ್ಮನ ಬೆನ್ನ ಹಿಂದೆ ಇದ್ರೆ ಬರೀ ಕಪ್ಪು ನೆರಳು ಬರತ್ತೆ, ಫೋನ್ ಬೆನ್ನಿಗೆ ಕಿಟಕಿ ಇರ್ಬೇಕು.

ಯಾರೂ ಹೇಳದ ಒಂದು ತೊಂದರೆ ಬಟ್ಟೆದು. ಸೀರೆ, ನೈಟಿ ಒಳಗೆ ಮಂಡಿ ಏನ್ ಮಾಡ್ತಿದೆ ಅಂತ ಜಗತ್ತಿನ ಯಾವ ಆಪ್‌ಗೂ ಗೊತ್ತಾಗಲ್ಲ. ಪ್ಯಾಂಟ್ ಹಾಕಿ ಅಂದ್ರೆ ನಮ್ಮಮ್ಮ "ಈ ವಯಸ್ಸಲ್ಲಾ?" ಅಂದ್ರು. ಕೊನೆಗೆ ಮೊಮ್ಮಗನ ಹಳೇ ಟ್ರ್ಯಾಕ್ ಪ್ಯಾಂಟ್, ಅದೂ ಎಕ್ಸರ್‌ಸೈಜ್ ಹೊತ್ತಿಗೆ ಮಾತ್ರ, ಮತ್ತೆ ಕ್ಲಿಪ್ ನನಗಲ್ಲ ನಮ್ಮಕ್ಕನಿಗೆ ಹೋಗ್ಬೇಕು ಅನ್ನೋ ಕರಾರಿನ ಮೇಲೆ ಒಪ್ಪಿದ್ರು. ನಿಮ್ಮನೇಲೂ ಯಾರು ನೋಡ್ಬೇಕು ಅನ್ನೋದನ್ನ ಅವರೇ ಹೇಳ್ಲಿ. ಪ್ಯಾಂಟಿನ ಹೊರಗೆ ಸೊಂಟದ ಪಕ್ಕದ ಮೂಳೆ, ಮಂಡಿ ಪಕ್ಕ, ಕಾಲ್ಗಂಟು ಈ ಮೂರು ಕಡೆ ಬಣ್ಣದ ಟೇಪ್ ಚೂರು ಅಂಟಿಸಿದ್ರೆ ಬಗ್ಗಿದ್ದು ಎಷ್ಟು ಅಂತ ಒಂದೇ ನೋಟಕ್ಕೆ ಸಿಗತ್ತೆ.

ನೆಲ ನೋಡಿ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರಿ ಜಾರತ್ತೆ, ಒರೆಸಿದ ತಕ್ಷಣ ಅಂತೂ ಬೇಡವೇ ಬೇಡ. ಕಾಲೊರೆಸೋ ಮ್ಯಾಟ್ ಎತ್ತಿಡಿ, ಚಾರ್ಜರ್ ವೈರ್ ದಾರೀಲಿ ಇರ್ಬಾರ್ದು. ವಾಕಿಂಗ್ ಮನೆ ಒಳಗೇ, ಪಾಚಿ ಹಿಡಿದಿರೋ ಅಂಗಳದಲ್ಲಲ್ಲ.

ಹಂತ 4: ಮೊದಲ ಎರಡು ದಿನ ನೀವೇ ಅಲ್ಲಿರಿ

ರಜಾ ಹಾಕಿ ಹೋಗಿ. ಫೋನ್ ಹೇಗೆ ಇಡೋದು, ಕೆಂಪು ಗುಂಡಿ ಒತ್ತೋದು, ನಿಲ್ಸೋದು, ಇದನ್ನ ಮನೇಲಿರೋ ಮನುಷ್ಯನ ಕೈಲಿ ಹತ್ತು ಸಲ ಮಾಡಿಸಿ, ನೀವು ಮಾಡಿ ತೋರ್ಸೋದಲ್ಲ. ಫೋನಿನ ಮೊದಲ ಸ್ಕ್ರೀನಲ್ಲಿ ಕ್ಯಾಮೆರಾ ಮತ್ತು ವಾಟ್ಸಾಪ್ ಎರಡೇ ಇಡಿ, ಉಳಿದಿದ್ದೆಲ್ಲ ಒಳಗೆ ಹಾಕಿ.

ಅದೇ ಎರಡು ದಿನದಲ್ಲಿ ಮೊದಲ ಅಳತೆ ತಗೊಳ್ಳಿ (ಹಂತ 7 ನೋಡಿ). ಇದಿಲ್ದೆ ಹೋದ್ರೆ ಮೂರನೇ ವಾರ "ಸುಧಾರಿಸಿದಾರಾ" ಅಂದ್ರೆ ನಿಮ್ಮತ್ರ ಉತ್ತರ ಇರಲ್ಲ.

ಹಂತ 5: ದಿನದ ಕೆಲಸ, ಮತ್ತೆ ಎರಡು ಥರದ ಕಾಲ್

ಹೊತ್ತು ಕಟ್ಟಿಬಿಡಿ. ತಿಂಡಿ ತಿಂದು ಒಂದು ಗಂಟೆ ಆದ್ಮೇಲೆ ಒಂದು ಸಲ, ಸಂಜೆ ಕಾಫಿ ಆಗಿ ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಡಾಕ್ಟರ್ ನೋವಿನ ಮಾತ್ರೆ ಬರೆದಿದ್ರೆ ಅದನ್ನ ಎಕ್ಸರ್‌ಸೈಜ್‌ಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಬರೋ ಹಾಗೆ ಹೊಂದಿಸಬಹುದಾ ಅಂತ ಅವರನ್ನೇ ಕೇಳಿ. ಶುಗರ್ ಇದ್ದು ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟೇಲಿ ಮಾಡಲೇಬಾರದು.

ಮುಗಿದ ಮೇಲೆ ಕ್ಯಾಲೆಂಡರ್ ಚೌಕದಲ್ಲಿ ಎಷ್ಟು ಸಲ ಮಾಡಿದ್ರು ಅನ್ನೋ ನಂಬರ್ ಮತ್ತೆ ನೋವಿನ ಗುರುತು. ಸೊನ್ನೆಯಿಂದ ಹತ್ತರ ನೋವಿನ ಲೆಕ್ಕ ನಮ್ಮನೇಲಿ ನಡೀಲಿಲ್ಲ, ಕೇಳಿದ್ರೆ "ನೋವಾಗದೆ ಇರತ್ತಾ?" ಅಂತಿದ್ರು. ಮಾತಾಡ್ತಾ ಮಾಡೋ ನೋವು, ಮಾತು ನಿಲ್ಲೋ ನೋವು, ಹಲ್ಲು ಕಚ್ಚೋ ನೋವು ಅಂತ ಮೂರು ಮಾಡಿದ್ಮೇಲೆ ಸಲೀಸಾಯ್ತು. ಒಂದು ಗೆರೆ, ಎರಡು ಗೆರೆ, ಮೂರು ಗೆರೆ. ವಾರಕ್ಕೊಮ್ಮೆ ಕ್ಯಾಲೆಂಡರ್‌ನ ಫೋಟೋ ನಿಮಗೆ ಬರ್ಲಿ. ಒಂದು ಎಕ್ಸರ್‌ಸೈಜ್‌ನ ಕ್ಲಿಪ್ ದಿನಾ ಬರ್ಲಿ, ಎಲ್ಲದರದ್ದೂ ಬೇಡ, ಸೋಮವಾರ ಒಂದು, ಮಂಗಳವಾರ ಇನ್ನೊಂದು ಅಂತ ಸುತ್ತಿಸಿ.

ಎಲ್ರೂ ಎಡವೋದು ಇಲ್ಲೇ. ಮಾತಾಡೋ ಕಾಲ್ ಬೇರೆ, ನೋಡೋ ಕಾಲ್ ಬೇರೆ ಇರ್ಬೇಕು. ರಾತ್ರಿ ಊಟ ಆಯ್ತಾ, ಮಳೆ ಎಷ್ಟು ಇಂಚು ಬಂತು, ಆನೆ ಬಂದಿತ್ತಾ ಅಂತ ಮಾತಾಡೋ ಕಾಲಲ್ಲಿ ಎಕ್ಸರ್‌ಸೈಜ್ ಸುದ್ದಿ ಎತ್ತಲೇಬೇಡಿ. ನಾನು ಎತ್ತುತ್ತಿದ್ದೆ, ಹದಿನೈದು ದಿನಕ್ಕೆ ಅಮ್ಮ ನನ್ನ ಕಾಲ್ ಬಂದ್ರೆ "ಸ್ನಾನಕ್ಕೆ ಹೋಗಿದಾರೆ ಅಂತ ಹೇಳು" ಅಂತ ಕೆಲಸದ ಅಕ್ಕನಿಗೆ ಹೇಳೋಕೆ ಶುರು ಮಾಡಿದ್ರು. ಎಕ್ಸರ್‌ಸೈಜ್ ಬಗ್ಗೆ ಏನಿದ್ರೂ ಕ್ಲಿಪ್ ಬಂದ ಮೇಲೆ ಒಂದು ವಾಯ್ಸ್ ಮೆಸೇಜ್, ಅದರಲ್ಲಿ ಒಂದೇ ಒಂದು ತಿದ್ದುಪಡಿ. ಮೂರು ತಪ್ಪು ಕಂಡ್ರೂ ಒಂದನ್ನೇ ಹೇಳಿ, ಅಪಾಯದ್ದು ಮೊದ್ಲು.

ಹಂತ 6: ಕ್ಲಿಪ್‌ನಲ್ಲಿ ಏನನ್ನ ನೋಡ್ಬೇಕು

ಮೊದ್ಲು ಸೌಂಡ್ ಹಾಕಿ. ಅಮ್ಮ ಜೋರಾಗಿ ಎಣಿಸ್ತಾ ಮಾಡ್ಬೇಕು ಅಂತ ನಿಯಮ ಮಾಡಿ, ಎಣಿಸ್ತಿದ್ರೆ ಉಸಿರು ಹಿಡಿಯೋಕಾಗಲ್ಲ. ವಯಸ್ಸಾದವರು ಉಸಿರು ಕಟ್ಟಿ ಮುಕ್ಕಿದ್ರೆ ಬಿಪಿ ಥಟ್ಟಂತ ಏರತ್ತೆ. ಎಣಿಕೆ ಆರರಲ್ಲಿ ನಿಂತು ಏಳಕ್ಕೆ ತುಂಬಾ ಹೊತ್ತು ಹಿಡಿದ್ರೆ ಸುಸ್ತಾಗಿದೆ ಅಂತ ಅರ್ಥ. ವಾಕರ್ ಸದ್ದೂ ಕೇಳಿ, ಟಕ್ ಹೆಜ್ಜೆ ಹೆಜ್ಜೆ, ಟಕ್ ಹೆಜ್ಜೆ ಹೆಜ್ಜೆ ಅಂತ ಸಮವಾಗಿ ಬರ್ಬೇಕು, ಒಂದು ಹೆಜ್ಜೆ ಉದ್ದ ಒಂದು ಗಿಡ್ಡ ಆದ್ರೆ ನೋವಿನ ಕಾಲ ಮೇಲೆ ಭಾರ ಹಾಕ್ತಿಲ್ಲ. ನೆಟ್‌ವರ್ಕ್ ತೀರಾ ಕೆಟ್ಟ ದಿನ ಬರೀ ವಾಯ್ಸ್ ರೆಕಾರ್ಡಿಂಗ್ ಬಂದ್ರೂ ಇಷ್ಟು ಗೊತ್ತಾಗತ್ತೆ.

ಕಾಲು ನೇರ ಎತ್ತೋ ಎಕ್ಸರ್‌ಸೈಜ್‌ನಲ್ಲಿ ಹಿಮ್ಮಡಿ ಏಳೋಕೆ ಮುಂಚೆ ಮಂಡಿ ಬಗ್ಗತ್ತಾ ನೋಡಿ. ಬಗ್ಗಿದ್ರೆ ತೊಡೆ ಮುಂದಿನ ಸ್ನಾಯುಗೆ ಇನ್ನೂ ಶಕ್ತಿ ಬಂದಿಲ್ಲ, ಎತ್ತೋ ಲೆಕ್ಕ ಹೆಚ್ಚಿಸ್ಬೇಡಿ, ಮಂಡಿ ಕೆಳಗೆ ಒತ್ತಿ ತೊಡೆ ಬಿಗಿ ಮಾಡೋ ಎಕ್ಸರ್‌ಸೈಜ್‌ಗೆ ವಾಪಸ್ ಹೋಗ್ಬೇಕಾ ಅಂತ ಫಿಸಿಯೋನ ಕೇಳಿ. ಇಳಿಸೋವಾಗ ಧಪ್ ಅಂತ ಬಿಟ್ರೆ ಅರ್ಧ ಎಕ್ಸರ್‌ಸೈಜ್ ಆದ ಹಾಗೆ ಅಷ್ಟೇ. ಕುರ್ಚಿಯಿಂದ ಏಳೋದನ್ನ ಮುಂದಿನಿಂದ ತೆಗೆಸಿ, ಎಲ್ರೂ ಆಪರೇಷನ್ ಆದ ಕಾಲನ್ನ ಮೆಲ್ಲಗೆ ಮುಂದೆ ಸರಿಸಿ ಒಳ್ಳೇ ಕಾಲಲ್ಲೇ ಏಳ್ತಾರೆ, ಭಾರ ಒಂದೇ ಕಡೆ ವಾಲೋದು ಪಕ್ಕದಿಂದ ನೋಡಿದ್ರೆ ಸರಿಯಾಗಿ ಕಾಣಲ್ಲ.

ಕ್ಲಿಪ್‌ನ ಮೂಲೆಗಳನ್ನೂ ನೋಡಿ. ನಮ್ಮಮ್ಮನ ಒಂದು ಕ್ಲಿಪ್‌ನಲ್ಲಿ ಎಕ್ಸರ್‌ಸೈಜ್ ಎಲ್ಲ ಸರಿ ಇತ್ತು, ಆದ್ರೆ ಮಂಚದ ತುದೀಲಿ ಸುತ್ತಿಟ್ಟ ಕಂಬಳಿ, ಮಧ್ಯದಲ್ಲಿ ಕಾಲು ಇಟ್ಟಷ್ಟು ಗುಂಡಿ ಬಿದ್ದಿರೋದು. ಚಳಿಗೆ ಹಾಯಾಗತ್ತೆ ಅಂತ ರಾತ್ರಿಯಿಡೀ ಮಂಡಿ ಕೆಳಗೆ ಅದನ್ನ ಇಟ್ಕೊಂಡು ಮಲಗ್ತಿದ್ರು. ಮಂಡಿ ಆಪರೇಷನ್ ಆದವರು ಮಾಡಬಾರದ ಕೆಲಸ ಇದೇ, ಮಂಡಿ ಬಗ್ಗಿದ ಹಾಗೇ ಕೂತ್ಬಿಡತ್ತೆ, ಆಮೇಲೆ ನೇರ ಆಗಲ್ಲ. ಎತ್ತರಿಸಬೇಕಿದ್ರೆ ಹಿಮ್ಮಡಿ ಕೆಳಗೆ ಇಡ್ಬೇಕು.

ಸೊಂಟದ ಕೀಲು ಬದಲಾಯಿಸಿದವರಿಗೆ ಮಣೆ ಮೇಲೆ ಕೂರೋದು, ಕಾಲ ಮೇಲೆ ಕಾಲು ಹಾಕೋದು, ಬಗ್ಗಿ ನೆಲದಿಂದ ಎತ್ತೋದನ್ನ ಕೆಲವು ವಾರ ಬೇಡ ಅಂದಿರ್ತಾರೆ, ಅದು ಕ್ಲಿಪ್‌ಗಿಂತ ಹೆಚ್ಚಾಗಿ ಅಡುಗೆಮನೇಲಿ ನಡೆಯತ್ತೆ, ಮನೇಲಿರೋ ಮನುಷ್ಯನಿಗೆ ಹೇಳಿಡಿ. ಸ್ಟ್ರೋಕ್ ಆದವರನ್ನ ಎಬ್ಬಿಸೋವಾಗ ಬಿದ್ದ ಕೈಯನ್ನ ಹಿಡಿದು ಎಳೀಬಾರ್ದು, ಭುಜದ ಕೀಲು ಜಾರತ್ತೆ. ವಿಡಿಯೋದಲ್ಲಿ ಬಿದ್ದ ಕೈಯ ಕೆಲಸವನ್ನ ಒಳ್ಳೇ ಕೈ ಕದ್ದು ಮಾಡ್ತಿದ್ಯಾ, ಕೈ ಎತ್ತೋ ಬದ್ಲು ಭುಜ ಕಿವಿ ಹತ್ರ ಏರ್ತಿದ್ಯಾ, ಎರಡೇ ನೋಡಿ ಸಾಕು.

ಹಂತ 7: ವಾರಕ್ಕೊಂದು ಅಳತೆ

ಭಾನುವಾರ ಬೆಳಿಗ್ಗೆ, ಪಕ್ಕದಲ್ಲಿ ಒಬ್ರು ನಿಂತಿದ್ದಾಗ ಮಾತ್ರ.

ಮಂಡಿ ಕೋನ. ಪೂರ್ತಿ ಬಗ್ಗಿಸಿದಾಗ ಒಂದು ಫೋಟೋ, ಪೂರ್ತಿ ನೇರ ಮಾಡಿದಾಗ ಒಂದು ಫೋಟೋ, ಸರಿಯಾಗಿ ಪಕ್ಕದಿಂದ. ಫೋಟೋ ಮೇಲೆ ಗೆರೆ ಎಳೆದು ಕೋನ ಹೇಳೋ ಆಪ್‌ಗಳು ಫ್ರೀಯಾಗಿ ಸಿಗ್ತವೆ, ಮೂರು ಟೇಪ್ ಗುರುತಿನ ಮೇಲೆ ಗೆರೆ ಎಳೀರಿ. ಕೆಲವು ಆಪ್ ನೇರ ಕಾಲನ್ನ 180 ಅಂತ ತೋರ್ಸತ್ತೆ, ಫಿಸಿಯೋ ಅದನ್ನ 0 ಅಂತಾರೆ, 180ರಿಂದ ಕಳೆದು ಬರ್ಕೊಳ್ಳಿ. ಮಂಡಿ ಬದಲಾಯಿಸಿದವರಿಗೆ ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ 90ರ ಹತ್ರ, ಆರು ವಾರಕ್ಕೆ 110ರ ಹತ್ರ ಬರ್ಲಿ ಅಂತ ನೋಡ್ತಾರೆ, ನಿಮ್ಮ ಡಾಕ್ಟರ್ ಹೇಳಿದ ನಂಬರೇ ಕೊನೆ. ನಾಲ್ಕೈದು ಡಿಗ್ರಿ ಹೆಚ್ಚು ಕಮ್ಮಿ ಆದ್ರೆ ಖುಷೀನೂ ಬೇಡ ಗಾಬರೀನೂ ಬೇಡ, ಅಳತೇಲೇ ಅಷ್ಟು ವ್ಯತ್ಯಾಸ ಬರತ್ತೆ. ಎರಡು ವಾರ ಸತತ ನಿಂತಲ್ಲೇ ನಿಂತ್ರೆ ಮಾತ್ರ ಫೋನ್ ಮಾಡಿ.

ಎದ್ದು ನಡೆದು ಬರೋ ಟೈಮ್. ಕುರ್ಚಿಯಿಂದ 3 ಮೀಟರ್‌ಗೆ ಟೇಪ್ ಅಂಟಿಸಿ. ಕುರ್ಚಿಯಿಂದ ಎದ್ದು, ಗೆರೆ ತನಕ ಮಾಮೂಲಿ ನಡಿಗೇಲಿ ಹೋಗಿ, ತಿರುಗಿ ಬಂದು ಕೂರ್ಬೇಕು, ವಾಕರ್ ಇದ್ರೂ ಪರವಾಗಿಲ್ಲ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದ್ರೆ ಬೀಳೋ ಸಾಧ್ಯತೆ ಇದೆ ಅನ್ನೋದು ಲೆಕ್ಕ, ಆಪರೇಷನ್ ಆದ ಹೊಸದ್ರಲ್ಲಿ ಎಲ್ರಿಗೂ ಅದಕ್ಕಿಂತ ಜಾಸ್ತಿನೇ ಹಿಡಿಯತ್ತೆ. ಅವರ ಹೋದ ವಾರದ ಟೈಮ್ ಜೊತೆ ಹೋಲಿಸಿ, ಪಕ್ಕದ್ಮನೆ ಅಜ್ಜಿ ಜೊತೆ ಅಲ್ಲ.

30 ಸೆಕೆಂಡ್‌ನಲ್ಲಿ ಕೈ ಊರದೆ ಎಷ್ಟು ಸಲ ಎದ್ದು ಕೂರ್ತಾರೆ ಅನ್ನೋದು ಮೂರನೇದು, ಇದು ಫಿಸಿಯೋ ಸರಿ ಅಂದ ಮೇಲೆ. 70-74 ವಯಸ್ಸಿಗೆ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಮ್ಮಿ ಬಂದ್ರೆ ಕಾಲಿಗೆ ಶಕ್ತಿ ಸಾಲದು ಅಂತ.

ಹಂತ 8: ಈಗ ಬೇಕಾದ್ರೆ ಗ್ಯಾಜೆಟ್

ವಾಚ್ ಕತೆ ಹೇಳ್ತೀನಿ. ನಾನು ಕೊಟ್ಟ ವಾಚ್ ಒಂದು ಮಧ್ಯಾಹ್ನ ಸಾವಿರದ ಚಿಲ್ರೆ ಹೆಜ್ಜೆ ತೋರಿಸ್ತು, ನಾನು ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡು ಬಂದೆ. ಅಕ್ಕ ಹೋಗಿ ನೋಡಿದ್ರೆ ಅಮ್ಮ ಸಿಟೌಟಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಕೇರ್ತಿದಾರೆ, ಕೈ ಆಡಿದಾಗೆಲ್ಲ ವಾಚ್ ಎಣಿಸ್ತಿದೆ. ನಿಜವಾಗಿ ವಾಕರ್ ಹಿಡಿದು ನಡೆದ ದಿನ ಕೈ ಬೀಸೋದೇ ಇಲ್ವಲ್ಲ, ಅವತ್ತು ಲೆಕ್ಕ ಹತ್ರ ಹತ್ರ ಸೊನ್ನೆ. ವಾಕರ್ ಇರೋ ತನಕ ಮಣಿಕಟ್ಟಿನ ಸ್ಟೆಪ್ ಕೌಂಟ್ ನಂಬಬೇಡಿ.

ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡೋದು) ಹೃದಯ, ಶ್ವಾಸದ ತೊಂದರೆ ಇರೋರಿಗೆ ಉಪಯೋಗ. ಜನವರಿ ಬೆಳಿಗ್ಗೆ ತಣ್ಣನೆ ಬೆರಳಿಗೆ ಹಾಕಿದ್ರೆ ಸುಳ್ಳು ನಂಬರ್ ತೋರ್ಸತ್ತೆ, ಒಲೆ ಹತ್ರ ಕೈ ಬೆಚ್ಚಗೆ ಮಾಡ್ಕೊಂಡು ನೋಡಿ, ಉಗುರಿಗೆ ಬಣ್ಣ ಇದ್ರೆ ತೆಗೀರಿ.

ಬಿಪಿ ಮಿಷನ್ ಮಾತ್ರ ಎಲ್ರಿಗೂ ಬೇಕು. ತಲೆ ಸುತ್ತು ಅಂದ್ರೆ ಮಲಗಿದ್ದಾಗ ಒಂದ್ಸಲ, ಎದ್ದು ನಿಂತ 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಅವತ್ತು ನಿಂತು ಮಾಡೋದು ನಿಲ್ಲಿಸಿ ಡಾಕ್ಟರಿಗೆ ಹೇಳಿ, ಬಿಪಿ ಮಾತ್ರೆ ಬದಲಾಯಿಸಬೇಕಾಗಬಹುದು.

ಮನೆ ಒಳಗೆ ವೈಫೈ ಕ್ಯಾಮೆರಾ ಹಾಕ್ಬೇಕು ಅನ್ನೋರಿಗೆ: ನಾವು ಹಾಲಲ್ಲಿ ಹಾಕಿದ್ವಿ, ಅಮ್ಮ ಹಾಲಲ್ಲಿ ಕೂರೋದನ್ನೇ ಬಿಟ್ಟು ಅಡುಗೆಮನೆ ಸೇರ್ಕೊಂಡ್ರು. ಅವರು ಒಪ್ಪಿದ್ರೆ ಮಾತ್ರ ಹಾಕಿ, ಮಲಗೋ ರೂಮಿಗೆ ಬೇಡ, ಪಾಸ್‌ವರ್ಡ್ ಬದಲಾಯಿಸಿ.

ನಿಲ್ಲಿಸಬೇಕಾದ, ಓಡಬೇಕಾದ ಗುರುತುಗಳು

ಈ ಹಾಳೆ ಫ್ರಿಡ್ಜ್ ಮೇಲೆ ಅಂಟಿಸಿ.

ಅವತ್ತು ಎಕ್ಸರ್‌ಸೈಜ್ ಬೇಡ: ಜ್ವರ, ಕೂತಿದ್ದಾಗಲೇ ಬಿಪಿ ಫಿಸಿಯೋ ಬರೆದ ನಂಬರ್ ದಾಟಿರೋದು (ನಮಗೆ 180/110 ಅಂತ ಬರೆದಿದ್ರು), ಬೆಳಿಗ್ಗೆಯಿಂದ ವಾಂತಿ ಭೇದಿ. ಇನ್ಸುಲಿನ್ ತಗೊಳ್ಳೋರಿಗೆ ಶುಗರ್ 100ಕ್ಕಿಂತ ಕೆಳಗಿದ್ರೆ ಮೊದ್ಲು ಏನಾದ್ರೂ ತಿಂದು ಆಮೇಲೆ. ನಿನ್ನೆಯ ನೋವು ರಾತ್ರಿ ಮಲಗಿ ಎದ್ದ ಮೇಲೂ ಇಳೀದೆ, ಊತ ಜಾಸ್ತಿ ಆಗಿದ್ರೆ ನಿನ್ನೆ ಅತಿಯಾಗಿದೆ, ಇವತ್ತು ಅರ್ಧ ಮಾಡಿ.

ಅದೇ ದಿನ ಡಾಕ್ಟರಿಗೆ ಫೋನ್: ಗಾಯದಿಂದ ಕೀವು, ಗಾಯದ ಸುತ್ತ ಕೆಂಪು ಹರಡ್ತಿರೋದು, ಮೀನಖಂಡದಲ್ಲಿ ಒಂದೇ ಕಡೆ ನೋವು, ಬಿಸಿ, ಊತ. ಎರಡೂ ಕಾಲಿನ ಮೀನಖಂಡವನ್ನ ಒಂದೇ ಜಾಗದಲ್ಲಿ ದರ್ಜಿ ಟೇಪಲ್ಲಿ ಅಳೆದು 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನ ತಿಕ್ಕಬೇಡಿ, ಎಣ್ಣೆ ಹಾಕಿ ನೀವಬೇಡಿ, ನಮ್ಮ ಕಡೆ ಎಲ್ರ ಕೈಗೂ ಮೊದ್ಲು ಬರೋದು ಎಣ್ಣೆ ಬಾಟ್ಲೇ.

ತಡ ಮಾಡದೆ 108ಕ್ಕೆ ಫೋನ್: ಎದೆ ನೋವು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟೋದು, ಪ್ರಜ್ಞೆ ತಪ್ಪೋದು, ಬಾಯಿ ಸೊಟ್ಟ ಆಗೋದು, ಮಾತು ತೊದಲೋದು, ಒಂದು ಕೈ ಬೀಳೋದು, ಬಿದ್ದು ಕಾಲಿಗೆ ಭಾರ ಹಾಕೋಕಾಗದೇ ಇರೋದು. ತೋಟದ ದಾರಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗತ್ತೆ, ಹಾಗಾಗಿ ಹತ್ರದ ಇಬ್ರು ಜೀಪ್‌ನೋರ ನಂಬರ್ ಅದೇ ಹಾಳೇಲಿ ಬರೀರಿ. ಸಣ್ಣಪುಟ್ಟ ಸಂಶಯಕ್ಕೆ ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಹತ್ರ ಪುಕ್ಕಟೆ ವಿಡಿಯೋದಲ್ಲಿ ಮಾತಾಡಬಹುದು, ಆದ್ರೆ ಇಂಥ ಎಮರ್ಜೆನ್ಸಿಗೆ ಅದಲ್ಲ.

ಮಳೆಗಾಲಕ್ಕೆ, ಹಬ್ಬಕ್ಕೆ ಬೇರೆ ಲೆಕ್ಕ

ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರ್ ಕೂಡ ಮಲಗಿದೆ ಅಂತಿಟ್ಕೊಳ್ಳಿ. ಮುಂಚೆನೇ ಒಪ್ಪಂದ ಮಾಡ್ಕೊಳ್ಳಿ: ಕ್ಲಿಪ್ ಬೇಡ, ಕ್ಯಾಲೆಂಡರ್ ಗುರುತು ಮಾತ್ರ ಸಾಕು. ಸಿಗ್ನಲ್ ಸಿಕ್ಕಾಗ ಒಂದು ಮಿಸ್ಡ್ ಕಾಲ್ ಅಂದ್ರೆ ಎಲ್ಲ ಸರಿ, ಎರಡು ಅಂದ್ರೆ ವಾಪಸ್ ಮಾಡು. ಎರಡು ದಿನ ಏನೂ ಬರದಿದ್ರೆ ಯಾರು ಮನೆಗೆ ಹೋಗಿ ನೋಡ್ಬೇಕು ಅನ್ನೋದನ್ನ ಹೆಸರು ಹಿಡಿದು ಗೊತ್ತು ಮಾಡಿ. ನಮ್ಮನೇಲಿ ಅದು ಅಕ್ಕ.

ಕೈಲ್ ಮುಹೂರ್ತ, ಹುತ್ತರಿ ಹೊತ್ತಲ್ಲಿ ನೆಂಟರು ತುಂಬಿ ಎಕ್ಸರ್‌ಸೈಜ್ ನಾಲ್ಕೈದು ದಿನ ನಿಂತೇ ನಿಲ್ಲತ್ತೆ, ಅದಕ್ಕೆ ಜಗಳ ಆಡಬೇಡಿ. ಬಂದ ನೆಂಟರಲ್ಲೇ ಒಬ್ರನ್ನ ಎಣಿಸೋಕೆ ಕೂರಿಸಿ, ಮಕ್ಕಳು ಇದನ್ನ ಚೆನ್ನಾಗಿ ಮಾಡ್ತಾರೆ. ನಿಂತ ಮೇಲೆ ಮತ್ತೆ ಶುರು ಮಾಡೋವಾಗ ಬಿಟ್ಟ ನಂಬರಿಂದ ಬೇಡ, ಅರ್ಧದಿಂದ ಶುರು ಮಾಡಿ ಎರಡು ಮೂರು ದಿನದಲ್ಲಿ ಏರಿಸಿ.

ಕ್ಲಿಪ್ ಕಮ್ಮಿ ಮಾಡೋದು

ಮೂರು ವಾರ ಕ್ಯಾಲೆಂಡರ್ ತುಂಬಿದ್ದು, ಅಳತೆ ಏರ್ತಾ ಇದ್ರೆ ದಿನದ ಕ್ಲಿಪ್‌ನ ವಾರಕ್ಕೆ ಎರಡು ಮಾಡಿ, ಆಮೇಲೆ ಭಾನುವಾರದ ಅಳತೆ ಮಾತ್ರ ಇಟ್ಕೊಳ್ಳಿ. ಹಳೇ ಕ್ಲಿಪ್‌ಗಳಲ್ಲಿ ಮೊದಲನೇದು, ಆರನೇ ವಾರದ್ದು ಮತ್ತೆ ಕೊನೇದು ಇಟ್ಕೊಂಡು ಉಳಿದಿದ್ದನ್ನ ಇಬ್ರ ಫೋನಿಂದಲೂ ಅಳಿಸಿ, ಅಳಿಸಿದ್ದೀವಿ ಅಂತ ಅವರಿಗೆ ತೋರಿಸಿ. ನಮ್ಮಮ್ಮ ಮೊದಲ ಕ್ಲಿಪ್ ಅಳಿಸ್ಬೇಡ ಅಂದ್ರು, ಪಕ್ಕದ ತೋಟದ ಅಜ್ಜಿಗೂ ಮಂಡಿ ಆಪರೇಷನ್ ಇದೆ ಫೆಬ್ರವರೀಲಿ, ಕಾಫಿ ಕೊಯ್ಲು ಮುಗಿದ ಮೇಲೆ, ಅವರಿಗೆ ತೋರಿಸ್ಬೇಕಂತೆ.